ಹೆಸ್ಟರಳ ತವರು

ಇರ್ವಿಂಗ್

ಇಳಕಲ್ಲಿನ ಕಲ್ಲು ನನಗಿಂತ ಹದಿನೈದು ವರ್ಷ ಮೊದಲೇ ಅಮೆರಿಕ ನೋಡಿತ್ತು. ನನ್ನ ತಂಗಿಯ ಗಂಡ ಬಸವರಾಜರು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಗ್ರಾನೈಟ್ ಅಂಗಡಿ ಇಟ್ಟಿದ್ದಾರೆ. ಇಳಕಲ್, ಕುಷ್ಟಗಿ ಕಡೆಯ ಕೆಂಪು ಕಲ್ಲು ಹಡಗು ಹತ್ತಿ ಬಂದು ಇಲ್ಲಿ ಯಾರದೋ ಅಡುಗೆಮನೆಯ ಕಟ್ಟೆಯಾಗುತ್ತದೆ, ಇಲ್ಲವೇ ಗೋರಿಗಲ್ಲಾಗುತ್ತದೆ. ಮೊದಲಿನದನ್ನು ಗಿರಾಕಿಗಳು ನಗುತ್ತ ಆರಿಸುತ್ತಾರೆ, ಎರಡನೆಯದನ್ನು ಬಹಳ ಹೊತ್ತು ಕೈಯಿಂದ ಸವರಿ ಆರಿಸುತ್ತಾರೆ ಎಂದು ಬಸವರಾಜರು ಹೇಳುತ್ತಿದ್ದರು.

ನಾನು ಧಾರವಾಡದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಹಳೆಯ ವಾಲ್ಯೂಮುಗಳ ಧೂಳು ಕುಡಿದು ನಿವೃತ್ತಳಾದವಳು. 2014ರ ಮಾರ್ಚಿನಲ್ಲಿ ತಂಗಿ ಶೋಭಾ ಟಿಕೆಟ್ ಕಳಿಸಿ ಕರೆಸಿಕೊಂಡಳು. ಮೊದಲ ವಾರ ಗುಡಿ, ದಿನಸಿ ಅಂಗಡಿ, ಅವಳ ಗೆಳತಿಯರ ಮನೆಯ ಊಟ ಎಲ್ಲ ಮುಗಿಯಿತು. ಎಲ್ಲಿಗೆ ಹೊರಟರೂ ಕಾರು. ಒಂದು ದಿನ ಮೂಲೆಯ ಅಂಗಡಿಗೆ ನಡೆದು ಹೊರಟೆ. ಇಬ್ಬರು ಬೇರೆ ಬೇರೆಯಾಗಿ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿದರು. ರಸ್ತೆಯಲ್ಲಿ ನಡೆಯುವವರನ್ನು ಕಂಡರೆ ಇಲ್ಲಿಯವರಿಗೆ ಕನಿಕರ. ಎಂಟನೆಯ ದಿನ ಮನೆಯಲ್ಲಿ ಕೂತು ಬೇಸರವಾಗಿ ಬಸವರಾಜರ ಜೊತೆ ಅಂಗಡಿಗೆ ಹೋದೆ.

ಅಂಗಡಿಯ ಹಿಂಬದಿಯಲ್ಲಿ ಕೆಂಪು ಕಲ್ಲೊಂದು ನುಣುಪಾಗಿ ಸಿದ್ಧವಾಗಿ, ಅಕ್ಷರವಿಲ್ಲದೆ ನಿಂತಿತ್ತು. ಅದಕ್ಕೆ ಒಂದು ಕಾಗದ ಅಂಟಿಸಿದ್ದರು. ಮೇಲೆ ‘ಹೆಸ್ಟರ್’, ಕೆಳಗೆ ‘ಇವರ ಮಗಳು’, ಅದರ ಮುಂದೆ ಖಾಲಿ ಗೆರೆ.

“ಮೂರು ತಿಂಗಳಾತು ಅಕ್ಕಾರ, ಆ ಗೆರಿ ತುಂಬವಲ್ದು” ಎಂದರು ಬಸವರಾಜರು. “ಕಲ್ಲಿನ ಮ್ಯಾಲೆ ರಬ್ಬರ್ ಹಚ್ಚಿ ಅಳಿಸಾಕ ಬರೂದಿಲ್ಲ. ಮಿಸ್ ಲೊರೆಟ್ಟಾ ಹೇಳೂತನಕ ನಾ ಮುಟ್ಟೂದಿಲ್ಲ.”

ಹತ್ತು ಗಂಟೆಗೆ ಮಿಸ್ ಲೊರೆಟ್ಟಾ ಬಂದರು. ಎಪ್ಪತ್ತೆಂಟು ವರ್ಷದ, ನೇರ ಬೆನ್ನಿನ ಕಪ್ಪು ಹೆಂಗಸು, ತಲೆಯ ಮೇಲೆ ನೇರಳೆ ಬಣ್ಣದ ಟೊಪ್ಪಿಗೆ. ನಿವೃತ್ತ ಶಾಲಾಶಿಕ್ಷಕಿ. ಹಿರಿಯ ಹೆಂಗಸರನ್ನು ಬರಿ ಹೆಸರಿನಿಂದ ಕರೆಯುವುದು ಟೆಕ್ಸಸ್‌ನಲ್ಲಿ ಒರಟುತನ. ಹೆಸರಿನ ಮೊದಲು ‘ಮಿಸ್’ ಹಚ್ಚಬೇಕು, ಮದುವೆಯಾಗಿ ಮೊಮ್ಮಕ್ಕಳಾಗಿದ್ದರೂ ಸರಿ. ನಮ್ಮಲ್ಲಿ ‘ಅಕ್ಕಾರ’ ಅಂದಂತೆ. ಎರಡು ನಿಮಿಷದಲ್ಲಿ ನಾನೂ ‘ಮಿಸ್ ಗಿರಿಜಾ’ ಆದೆ. ಅವರು ಆಡಿದ್ದು ಇಂಗ್ಲಿಷ್, ನಿಜ. ಆದರೆ ಸ್ವರಗಳನ್ನು ಎಳೆದು, ನಡುವೆ ಬಿಟ್ಟು ಬಿಟ್ಟು ಆಡುವ ಆ ಮಾತು ನನ್ನ ಕಿವಿಗೆ ಧಾರವಾಡದ್ದೇ ಅನ್ನಿಸಿತು. ಇಲ್ಲಿಯವರ ಮಾತನ್ನೆಲ್ಲ ಹಾಗೆಯೇ ಬರೆಯುತ್ತೇನೆ.

ಹೆಸ್ಟರ್ ಅವರ ಅಜ್ಜಿಯ ತಾಯಿ. ಗುಲಾಮಳಾಗಿ ಹುಟ್ಟಿದವಳು. ಸಣ್ಣ ಮಗುವಿದ್ದಾಗಲೇ ಅವಳನ್ನು ಒಬ್ಬನಿಗೆ, ಅವಳ ತಾಯಿಯನ್ನು ಇನ್ನೊಬ್ಬನಿಗೆ ಮಾರಿದ್ದರು. ಬಿಡುಗಡೆಯಾದಾಗ ಹೆಸ್ಟರಳಿಗೆ ಹತ್ತರ ಆಸುಪಾಸು. ಆಮೇಲೆ ಹ್ಯೂಸ್ಟನ್ನಿನಲ್ಲಿ ಬಟ್ಟೆ ಒಗೆಯುತ್ತ ಬದುಕಿದಳು, ಐಸಾಕ್ ಎಂಬವನನ್ನು ಮದುವೆಯಾದಳು, ಆರು ಮಕ್ಕಳನ್ನು ಹೆತ್ತಳು.

“ಜೀವ ಇರೂತನಕ ತಾಯೀನ್ನ ಹುಡುಕಿದಳಂತ” ಎಂದರು ಮಿಸ್ ಲೊರೆಟ್ಟಾ. “ನಮ್ಮ ಮನಿಯಾಗ ಅದೊಂದ ಕಥಿ ಉಳಿದದ. ಸಿಕ್ಕಳೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಆ ತಾಯಿ ಹೆಸರೂ ಗೊತ್ತಿಲ್ಲ. ಜೂನದಾಗ ನಮ್ಮ ಮಂದಿ ಎಲ್ಲಾ ಕೂಡತಾರ. ಆವತ್ತ ಕಲ್ಲು ನಿಲ್ಲಿಸಬೇಕು. ನನ್ನ ಕಣ್ಣಿನ ನಡುವ ಮಸಿ ಬೊಟ್ಟು ಇಟ್ಟಂಗ ಆಗೇದ. ಬರೂ ವರ್ಷ ಕಲ್ಲು ಇದ್ದರೂ ಓದಾಕ ಕಣ್ಣು ಇರೂದಿಲ್ಲ.”

ಅವರ ಬಳಿ ಒಂದು ದಪ್ಪ ಫೈಲಿತ್ತು. ಫೈಲು ಕಂಡರೆ ನನಗೆ ಕೈ ಕಡಿಯುತ್ತದೆ. ಕೇಳಿ ತೆಗೆದುಕೊಂಡೆ. ಜನಗಣತಿಯ ಪ್ರತಿಗಳಿದ್ದವು: 1880ರಲ್ಲಿ ಹೆಸ್ಟರಳ ಮನೆಯಲ್ಲಿ ತಾಯಿ ಇಲ್ಲ, 1900ರಲ್ಲೂ ಇಲ್ಲ. ನಡುವಿನ 1890ರ ಕಾಗದಗಳು ಬೆಂಕಿಗೆ ಸಿಕ್ಕು ಹೋಗಿವೆಯಂತೆ. ಸಿಕ್ಕಿರಲಿಕ್ಕಿಲ್ಲ ಎಂದು ಮನೆಯವರು ಅಂದುಕೊಂಡದ್ದು ಇದರಿಂದಲೇ. ಎಲ್ಲಕ್ಕಿಂತ ಕೆಳಗೆ ಮಿಸ್ ಲೊರೆಟ್ಟಾರ ಅಜ್ಜಿ ಕೋರಾಳ ಮರಣಪತ್ರವಿತ್ತು. ಕೋರಾ ಹೆಸ್ಟರಳ ಹಿರಿಯ ಮಗಳು. ಹುಟ್ಟಿದ ಸ್ಥಳ ಎಂಬಲ್ಲಿ ‘ಆಸ್ಟಿನ್’ ಎಂದಿತ್ತು.

“ಅದು ತಪ್ಪು” ಎಂದರು ಅವರು. “ಆರೂ ಮಕ್ಕಳು ಹ್ಯೂಸ್ಟನ್ನಿನವು. ಬರೆಸಿದಾಂವ ನಮ್ಮ ಮಾಮಾ. ಅಂವ ಆವತ್ತ ಕುಡದಿದ್ದ.”

ಕುಡಿದವರು ಬರೆಸಿದ ಕಾಗದ ನಾನೇನು ಕಡಿಮೆ ನೋಡಿದ್ದೇನೆಯೇ? ಅವರು ಇಸವಿ ತಪ್ಪು ಹೇಳುತ್ತಾರೆ, ಅಳತೆ ತಪ್ಪು ಹೇಳುತ್ತಾರೆ. ಯಾರೂ ಕೇಳರಿಯದ ಊರೊಂದನ್ನು ತಂದು ಸೇರಿಸುವುದಿಲ್ಲ.

“ಮೊದಲನೇ ಹೆರಿಗಿ ಅಲ್ಲರಿ?” ಎಂದೆ. “ನಮ್ಮ ಕಡೆ ಚೊಚ್ಚಲು ಹೆರಿಗಿಗೆ ತವರಿಗೇ ಹೋಗೂದು. ಏಳನೇ ತಿಂಗಳದಾಗ ಕುಬುಸ ಮಾಡಿ ತವರಿನವರು ಕರಕೊಂಡು ಹೋಗತಾರ. ಉಳದ ಮಕ್ಕಳು ಎಲ್ಲಿ ಬೇಕಾದರೂ ಹುಟ್ಟಲಿ, ಮೊದಲನೇದು ಅಜ್ಜಿ ಊರಾಗ.”

ಮಿಸ್ ಲೊರೆಟ್ಟಾ ಕುರ್ಚಿ ಹುಡುಕಿ ಕೂತರು. ಆಮೇಲೆ, “ನನ್ನ ತಾಯೀನೂ ನನ್ನ ಹಡಿಯಾಕ ತನ್ನ ತಾಯಿ ಮನಿಗೇ ಹೋಗಿದ್ದಳು” ಎಂದರು.

ಒಳ್ಳೆಯ ಗುಮಾಸ್ತೆ ಇಂಥ ಮಾತು ಬಾಯಿ ಬಿಟ್ಟು ಆಡಬಾರದು. ನಾನು ಆಡಿಬಿಟ್ಟಿದ್ದೆ. ಅವರ ಮುಖದಲ್ಲಿ ಹುಟ್ಟಿದ ಆಸೆಯನ್ನು ಕಂಡು ನನಗೆ ಹೆದರಿಕೆಯಾಯಿತು. ಮರುದಿನವೇ ಶೋಭಾ ತನ್ನ ದೊಡ್ಡ ಪಿಕಪ್ ಗಾಡಿ ತೆಗೆದಳು. ಧಾರವಾಡದ ಸುಭಾಸ ರಸ್ತೆ ದಾಟಲು ನನ್ನ ಸೆರಗು ಹಿಡಿಯುತ್ತಿದ್ದ ಹುಡುಗಿ ಅದು. ಗೋರಿಯ ಜಾಗದ ಅಳತೆ ತರಬೇಕಿತ್ತು ಎಂಬುದು ಅಂಗಡಿಯ ನೆಪ. ನಾವು ಮೂವರು ಹೆಂಗಸರು ಹ್ಯೂಸ್ಟನ್ನಿನ ದಾರಿ ಹಿಡಿದೆವು.

ಹ್ಯೂಸ್ಟನ್

ನಾಲ್ಕು ತಾಸಿನ ದಾರಿಯಲ್ಲಿ ಒಂದು ತಿರುವೂ ಇರಲಿಲ್ಲ. ಮಿಸ್ ಲೊರೆಟ್ಟಾ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅದನ್ನು ಹಾಸಿಗೆಯ ಮೇಲೆ ಇಡಬಾರದಂತೆ, ಕೇಡಂತೆ. ಗುಡಿಸುವಾಗ ಕಸಬರಿಗೆ ಕಾಲಿಗೆ ತಾಗಬಾರದಂತೆ. “ನಮ್ಮಲ್ಲೂ ಹಂಗ!” ಎಂದು ಶೋಭಾ ಸ್ಟಿಯರಿಂಗ್ ಬಿಟ್ಟು ಕೈ ತಟ್ಟಿದಳು. ಹಿಂದಿನ ಸೀಟಿನಲ್ಲಿ ಕೂತ ನನಗೆ ಆ ಕ್ಷಣ ಕಸಬರಿಗೆಗಿಂತ ಸ್ಟಿಯರಿಂಗಿನ ಚಿಂತೆ ಹೆಚ್ಚಾಗಿತ್ತು.

ಹ್ಯೂಸ್ಟನ್ನಿನ ಗಾಳಿ ಮಂಗಳೂರಿನದು; ಗಾಡಿಯಿಂದ ಇಳಿದ ಕೂಡಲೇ ಕನ್ನಡಕ ಮಂಜಾಯಿತು. ಸ್ಮಶಾನ ಊರೊಳಗೇ ಇದೆ, ಪಕ್ಕದಲ್ಲಿ ಎತ್ತರದ ಹೆದ್ದಾರಿ ಗುಡುಗುತ್ತಿತ್ತು. ಹೆಸ್ಟರಳ ಗೋರಿ ಎಂದರೆ ಎರಡಾಗಿ ಒಡೆದ ಒಂದು ಸಿಮೆಂಟಿನ ಹಲಗೆ. ಹಸಿ ಸಿಮೆಂಟಿನ ಮೇಲೆ ಯಾರೋ ಕಡ್ಡಿಯಿಂದ ‘ಹೆಸ್ಟರ್, ಐಸಾಕನ ಹೆಂಡತಿ’ ಎಂದು ಗೀರಿದ್ದರು. ಸುತ್ತಲೂ ಕಪ್ಪೆಚಿಪ್ಪುಗಳು, ಒಡೆದ ಪಿಂಗಾಣಿ ತಟ್ಟೆಯ ಚೂರುಗಳು ಅರ್ಧ ಮಣ್ಣಲ್ಲಿ ಹೂತಿದ್ದವು. ಕಸವೆಂದು ತಿಳಿದು ನಾನು ಹೆಕ್ಕಲು ಬಗ್ಗಿದೆ.

“ಬ್ಯಾಡ್ರಿ ಮಿಸ್ ಗಿರಿಜಾ! ಅವು ಇಟ್ಟದ್ದು” ಎಂದು ಮಿಸ್ ಲೊರೆಟ್ಟಾ ತಡೆದರು. ಸತ್ತವರು ಕೊನೆಯಲ್ಲಿ ಬಳಸಿದ ಪಾತ್ರೆಯನ್ನು ಒಡೆದು ಗೋರಿಯ ಮೇಲೆ ಇಡುವುದು ಅವರ ಹಿರಿಯರ ಪದ್ಧತಿಯಂತೆ. ನಾನು ಚೂರನ್ನು ಎಲ್ಲಿಂದ ಎತ್ತಿದ್ದೆನೋ ಅಲ್ಲಿಯೇ ಇಟ್ಟು, ತಪ್ಪಾಯಿತೆಂದು ಕೈ ಮುಗಿದೆ. ನಮ್ಮ ಮನೆತನದಲ್ಲೂ ಹೂಳುವುದೇ ವಾಡಿಕೆ, ಹಾಗಾಗಿ ಗೋರಿಗಳ ನಡುವೆ ನನಗೆ ಅಳುಕಿಲ್ಲ.

ಅಳುಕಾದದ್ದು ‘ಐಸಾಕನ ಹೆಂಡತಿ’ ಎಂಬುದನ್ನು ಓದಿ. ಮೂವತ್ತೊಂದು ವರ್ಷ ನಾನೂ ಅದನ್ನೇ ಬರೆದಿದ್ದೇನೆ. ಗಂಡಸಾದರೆ ‘ಬಿನ್’ ಹಾಕಿ ಅಪ್ಪನ ಹೆಸರು, ಹೆಂಗಸಾದರೆ ‘ಕೋಂ’ ಹಾಕಿ ಗಂಡನ ಹೆಸರು. ಸಾವಿರಾರು ಹೆಂಗಸರು ನನ್ನೆದುರು ಹೆಬ್ಬೆಟ್ಟು ಒತ್ತಿ ಹೋದರು. ಒಬ್ಬಳ ತಾಯಿಯ ಹೆಸರನ್ನೂ ನಾನು ಕೇಳಲಿಲ್ಲ, ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಲ್ಲಿ ನಿಂತು, ನನ್ನ ಅಜ್ಜಿಯ ತಾಯಿಯ ಹೆಸರು ಏನು ಎಂದು ಯೋಚಿಸಿದೆ. ಹೊಳೆಯಲಿಲ್ಲ. ಶೋಭಾಳನ್ನು ಕೇಳಿದೆ. ಅಳತೆಯ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಅವಳು, “ನನಗೇನು ಗೊತ್ತಕ್ಕಾ? ನೀ ಹಿರೇಕಿ” ಎಂದಳು. ನನಗೆ ನಾಚಿಕೆಯಾಯಿತು. ಗುಲಾಮಗಿರಿ ನಮ್ಮ ಅಜ್ಜಿಯ ತಾಯಿಯ ಹೆಸರನ್ನು ಅಳಿಸಿರಲಿಲ್ಲ, ನಾವೇ ಕೇಳದೆ ಬಿಟ್ಟಿದ್ದೆವು.

ಮಧ್ಯಾಹ್ನ ಹಿಲ್‌ಕ್ರಾಫ್ಟ್ ರಸ್ತೆಗೆ ಹೋದೆವು. ಅಲ್ಲಿ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಸಾಲಿದೆ, ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರು. ಊಟದ ತಟ್ಟೆಯಲ್ಲಿ ಬೆಂಡೆಕಾಯಿ ಪಲ್ಯ, ಅಲಸಂದಿ ಸಾರು ಬಂದವು. ಮಿಸ್ ಲೊರೆಟ್ಟಾ ಎರಡನ್ನೂ ಬಾಗಿ ಮೂಸಿ ನೋಡಿ, “ಇದು ನಮ್ಮ ಅಡಿಗಿ. ನಿಮಗ ಯಾರು ಕೊಟ್ಟರು?” ಎಂದರು. ಬೆಂಡೆ, ಅಲಸಂದಿ ಎರಡೂ ಆಫ್ರಿಕದಿಂದ ಬಂದವರ ಜೊತೆ ಈ ನಾಡಿಗೆ ಬಂದವಂತೆ. ಹೊಸ ವರ್ಷದ ದಿನ ಅಲಸಂದಿ ಉಣ್ಣದಿದ್ದರೆ ವರ್ಷವಿಡೀ ಸುಖವಿಲ್ಲವಂತೆ. ಬೆಂಡೆಕಾಯಿ ನಮ್ಮದೇ ಎಂದು ಶೋಭಾ ವಾದಕ್ಕೆ ನಿಂತಳು. ಇಬ್ಬರೂ ಸೋಲಲಿಲ್ಲ, ಪಲ್ಯ ಮಾತ್ರ ಎರಡು ಸಲ ತರಿಸಿದೆವು.

ಊಟದ ನಂತರ ಜಿಲ್ಲಾ ದಾಖಲೆಗಳ ಕಚೇರಿಯಲ್ಲಿ ಹೆಸ್ಟರ್ ಮತ್ತು ಐಸಾಕರ ಮದುವೆಯ ನೋಂದಣಿ ಸಿಕ್ಕಿತು. ಮದುವೆಯಾದದ್ದು ಹ್ಯೂಸ್ಟನ್ನಿನಲ್ಲೇ, ಕೋರಾ ಹುಟ್ಟುವ ಹಿಂದಿನ ವರ್ಷ. ಐಸಾಕನ ಕೆಲಸ: ರೈಲ್ವೆ ಕೂಲಿ. ಕೌಂಟರಿನಲ್ಲಿದ್ದ ಹೆಂಗಸು ಬಹಳ ಸಹಾಯ ಮಾಡಿದಳು. ಆಸ್ಟಿನ್ನಿನ ವಿಷಯ ಹೇಳಿದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ.

“ರೈಲ್ವೆ ಕೂಲಿ ಅಂದಮ್ಯಾಲೆ ಅದರಾಗೇನದರಿ? ಹಳಿ ಎಲ್ಲಿಗೆ ಹೋಗತದ, ಆ ಮಂದಿ ಅಲ್ಲಿಗೆ ಹೋಗತಿದ್ದರು. ಕೂಸು ಎಲ್ಲಿ ಬೇಕಾದರೂ ಹುಟ್ಟತಿತ್ತು” ಎಂದಳು.

ನನ್ನ ಚೊಚ್ಚಲು, ಕುಬುಸ, ತವರು ಎಲ್ಲ ಒಂದೇ ಮಾತಿಗೆ ನೆಲಕ್ಕೆ ಬಿದ್ದವು. ಅಷ್ಟು ಸಾದಾ ವಿಷಯ ನನಗೆ ಹೊಳೆದಿರಲಿಲ್ಲ. ಕಚೇರಿಯಲ್ಲಿ ನನ್ನನ್ನು ‘ತಣ್ಣೀರನ್ನೂ ಆರಿಸಿ ಕುಡಿಯುವವಳು’ ಎಂದು ನಗುತ್ತಿದ್ದರು. ಅಂಥವಳು ಪರದೇಶದಲ್ಲಿ ಒಬ್ಬ ಮುದುಕಿಗೆ ಇಲ್ಲದ ಆಸೆ ಹಚ್ಚಿದ್ದೆ. ಗಾಡಿಯಲ್ಲಿ ಕ್ಷಮೆ ಕೇಳಿದೆ.

“ಆಸೆ ನನ್ನದು, ನೀವು ಹಚ್ಚಿದ್ದಲ್ಲ” ಎಂದರು ಮಿಸ್ ಲೊರೆಟ್ಟಾ. “ಆಸ್ಟಿನ್ನಿಗೆ ಹೋಗೂಣ. ಇಲ್ಲ ಅಂದರ ಇಲ್ಲ ಅಂತ ಗೊತ್ತಾಗಲಿ. ಕಲ್ಲಿನ ಮ್ಯಾಲಿನ ಗೆರಿ ತಗದು ಬಿಡೂಣ.”

ಆಸ್ಟಿನ್, ಮೊದಲ ದಿನ

ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಹೋಗುವ ದಾರಿಯ ಎರಡೂ ಬದಿ ನೀಲಿ ಹೂವು. ನಮ್ಮ ಅಗಸಿ ಹೊಲ ಹೂ ಬಿಟ್ಟ ಹಾಗೆ, ಬಣ್ಣ ಮಾತ್ರ ಇನ್ನೂ ಗಾಢ. ಕಾರು ನಿಲ್ಲಿಸಿ ಜನ ತಮ್ಮ ಕೂಸುಗಳನ್ನು ಹೂವಿನ ನಡುವೆ ಕೂಡಿಸಿ ಫೋಟೋ ತೆಗೆಯುತ್ತಿದ್ದರು. ಕೂಸುಗಳು ಅಳುತ್ತಿದ್ದವು, ತಾಯಂದಿರು ಬಿಡುತ್ತಿರಲಿಲ್ಲ. ಪ್ರತಿ ವರ್ಷ ಈ ಶಾಸ್ತ್ರ ಆಗಲೇಬೇಕಂತೆ.

ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿಗೆ ಹೋದೆವು. ಒಳಗೆ ಬಿಡುವ ಮೊದಲು ಚೀಲ, ಪೆನ್ನು, ನೀರಿನ ಬಾಟಲಿ ಎಲ್ಲ ಕಪಾಟಿನಲ್ಲಿ ಇಡಿಸಿಕೊಂಡರು. ಕೈಗೊಂದು ಪೆನ್ಸಿಲು. ನಾವು ಕೇಳಿದ ಹಳೆಯ ಖರೀದಿಪತ್ರಗಳ ಪುಸ್ತಕವನ್ನು ಒಬ್ಬ ಬಿಳಿ ಗಡ್ಡದ ಅಧಿಕಾರಿ ಎರಡೂ ಕೈಯಲ್ಲಿ ತಂದು, ಮೆತ್ತನೆಯ ದಿಂಬಿನ ಮೇಲೆ ಬಾಣಂತಿಯ ಮುಂದೆ ಕೂಸು ಮಲಗಿಸಿದಂತೆ ಮಲಗಿಸಿದ. ನಮ್ಮ ವಾಲ್ಯೂಮುಗಳನ್ನು ರಂಗಪ್ಪ ಜವಾನ ಮೇಜಿನ ಮೇಲೆ ಎಸೆಯುತ್ತಿದ್ದ ಸದ್ದು ನೆನಪಾಯಿತು.

ನಾನು ಸಂಭ್ರಮದಿಂದ ಪುಸ್ತಕ ತೆರೆದೆ, ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದೆ, ಪುಟ ತಿರುವಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಗಡ್ಡದ ಅಧಿಕಾರಿ ಎಲ್ಲಿದ್ದನೋ, ಓಡಿ ಬಂದ. “ಮೇಡಂ! ಬ್ಯಾಡ್ರಿ, ದಯಮಾಡಿ!” ಸುತ್ತಲಿನ ತಲೆಗಳೆಲ್ಲ ಎದ್ದವು. ಮೂವತ್ತೊಂದು ವರ್ಷದ ಸರ್ವಿಸು ಒಂದು ಹನಿ ಉಗುಳಿನಲ್ಲಿ ಮುಳುಗಿತು. ನಾನು ಯಾರು, ಎಲ್ಲಿ ಕೆಲಸ ಮಾಡಿದವಳು ಎಂದು ತಡವರಿಸಿ ಹೇಳಿದೆ. ಆತನ ಮುಖ ಅರಳಿತು. ಪುಟದ ಕೆಳಮೂಲೆಯಲ್ಲಿದ್ದ ಕಂದು ಕಲೆ ತೋರಿಸಿದ.

“ಇವೆಲ್ಲಾ ಆಗಿನ ಗುಮಾಸ್ತರ ಉಗುಳು. ಅವರೂ ಹಿಂಗ ತಿರುವತಿದ್ದರು. ನಿಮ್ಮ ಜಾತಿಯವರೇ.”

ನನಗೆ ಖುಷಿಯಾಯಿತು. ಒಂದೂವರೆ ಶತಮಾನದ ಹಿಂದೆ ಇಲ್ಲಿ ಕೂತು ಬೆರಳು ನೆಕ್ಕಿದ ಗುಮಾಸ್ತನ ಬಗ್ಗೆ ಸಲಿಗೆ ಹುಟ್ಟಿತು. ಅವನ ಬರವಣಿಗೆ ಎಷ್ಟು ಚೆಂದ! ಓರೆ, ಗೆರೆ, ಅಂಚು ಎಲ್ಲ ಅಚ್ಚುಕಟ್ಟು. ಮೆಚ್ಚುತ್ತ ಓದತೊಡಗಿದೆ. ಒಂದು ಹೊಲದ ಖರೀದಿ, ಒಂದು ಮನೆಯ ಖರೀದಿ, ಆಮೇಲೆ ಒಂದು ಹುಡುಗಿಯ ಖರೀದಿ. ವಯಸ್ಸು ಸುಮಾರು ಐದು, ಆರೋಗ್ಯವಂತೆ. ಮಾರಿದವನೂ ಅವನ ವಾರಸುದಾರರೂ ಮುಂದೆ ಯಾವ ತಂಟೆ ತಕರಾರು ಮಾಡತಕ್ಕದ್ದಲ್ಲ ಎಂಬ ಒಕ್ಕಣೆ. ಹೊಲಕ್ಕೆ ಬರೆದ ಅದೇ ಕೈ, ಅದೇ ಓರೆ, ಅದೇ ಅಚ್ಚುಕಟ್ಟು. ಒಂದು ಅಕ್ಷರವೂ ನಡುಗಿರಲಿಲ್ಲ.

ಆ ಹುಡುಗಿ ಹೆಸ್ಟರ್ ಅಲ್ಲ, ಬೇರೆ ಯಾರೋ. ಆದರೆ ತಂಟೆ ತಕರಾರಿನ ಒಕ್ಕಣೆ ನನ್ನದೇ, ಎಷ್ಟು ಸಾವಿರ ಸಲ ಬರೆದಿದ್ದೇನೋ. ಸಾಹೇಬರು ಹೇಳಿದ್ದರೆ ನಾನೂ ಬರೆಯುತ್ತಿದ್ದೆನೇ? ಬರೆಯುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ಬರಲಿಲ್ಲ. ಮಿಸ್ ಲೊರೆಟ್ಟಾ, “ಏನು ಬರದದ, ಓದ್ರಿ” ಎಂದರು. ಓದಿದೆ. ಅವರು ನನ್ನ ಮೊಣಕೈ ಹಿಡಿದು, “ನಿಮ್ಮ ದನಿ ಯಾಕ ಸಣ್ಣ ಆತು? ಗಟ್ಟ್ಯಾಗಿ ಓದ್ರಿ. ಆ ಹುಡುಗೀಗೂ ಯಾರರ ಓದಬೇಕಲ್ಲ” ಎಂದರು.

ಆ ದಿನ ಹೆಸ್ಟರಳ ಸುಳಿವು ಏನೂ ಸಿಗಲಿಲ್ಲ. ಗುಲಾಮರ ಹಳೆಯ ಗಣತಿಯಲ್ಲಿ ಯಜಮಾನನ ಹೆಸರಿರುತ್ತದೆ, ಗುಲಾಮರಿಗೆ ವಯಸ್ಸು, ಗಂಡು, ಹೆಣ್ಣು, ಇಷ್ಟೇ. ಹೆಸರೇ ಗೊತ್ತಿಲ್ಲದ ತಾಯಿಯನ್ನು ಹೆಸರೇ ಇಲ್ಲದ ಪಟ್ಟಿಯಲ್ಲಿ ಹೇಗೆ ಹುಡುಕುವುದು? ಮುಚ್ಚುವ ಹೊತ್ತಿಗೆ ಗಡ್ಡದ ಅಧಿಕಾರಿ ಒಂದು ಚೀಟಿ ಕೊಟ್ಟ. ಊರಿನ ಪೂರ್ವಕ್ಕೆ ಕಪ್ಪು ಜನರ ಒಂದು ಹಳೆಯ ಮೆಥಡಿಸ್ಟ್ ಚರ್ಚಿದೆ, ಕೂಸುಗಳಿಗೆ ದೀಕ್ಷೆ ಕೊಟ್ಟ ಆ ಕಾಲದ ರಿಜಿಸ್ಟರು ಅವರ ಹತ್ತಿರವೇ ಉಳಿದಿದೆ ಎಂದ. “ಸರಕಾರ ಬರೀಲಾರದ್ದನ್ನ ಚರ್ಚು ಬರದಿರತದ” ಎಂದ.

ಆಸ್ಟಿನ್, ಎರಡನೆಯ ದಿನ

ಚರ್ಚಿನ ಕಾರ್ಯದರ್ಶಿ ಮಿಸ್ ವಿಲ್ಮಾ ನಮ್ಮನ್ನು ಅಡುಗೆಮನೆಗೇ ಕರೆದರು. ನಲವತ್ತು ವರ್ಷದಿಂದ ಅದೇ ಹುದ್ದೆಯಲ್ಲಿದ್ದಾರಂತೆ. ರಿಜಿಸ್ಟರನ್ನು ಒಂದು ಒಗೆದ ದಿಂಬಿನ ಚೀಲದಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದರು. ಹೊರತೆಗೆದು ನನ್ನ ಮುಂದೆ ಇಟ್ಟು, ಪಕ್ಕದಲ್ಲೇ ಬಿಸ್ಕೀಟಿನ ತಟ್ಟೆ ಇಟ್ಟರು. ಹಿಂದಿನ ದಿನದ ಶಿಸ್ತು ತಲೆಗೆ ಹತ್ತಿದ್ದರಿಂದ ನಾನು ಬಿಸ್ಕೀಟು ಮುಟ್ಟಲಿಲ್ಲ. ಅವರಿಗೆ ಬೇಸರವಾಯಿತು, ಶೋಭಾ ನನ್ನ ಪಾಲನ್ನೂ ತಿಂದು ಸಂಬಂಧ ಉಳಿಸಿದಳು.

ಕೋರಾ ಹುಟ್ಟಿದ ವರ್ಷ ಗೊತ್ತಿತ್ತು. ಆ ಪುಸ್ತಕದಲ್ಲಿ ಚರ್ಚಿನ ಹೆಂಗಸರೆಲ್ಲ ‘ಸಿಸ್ಟರ್’, ನಮ್ಮ ‘ಅಕ್ಕ’ನ ಹಾಗೆ. ಅರ್ಧ ತಾಸಿನಲ್ಲಿ ಸಾಲು ಸಿಕ್ಕಿತು. ಬೆರಳು ಇಟ್ಟು ಓದಿದೆ. ‘ಕೋರಾ, ಹ್ಯೂಸ್ಟನ್ನಿನ ಐಸಾಕ್ ಮತ್ತು ಹೆಸ್ಟರ್ ಇವರ ಕೂಸು. ದೀಕ್ಷೆಯಲ್ಲಿ ಕೂಸು ಹಿಡಿದವರು: ಸಿಸ್ಟರ್ ಚಾರಿಟಿ, ಅಜ್ಜಿ.’

ಮಿಸ್ ಲೊರೆಟ್ಟಾ “ಚಾರಿಟಿ” ಎಂದರು. ಮತ್ತೊಮ್ಮೆ “ಚಾರಿಟಿ” ಎಂದರು. ಮಿಸ್ ವಿಲ್ಮಾ ಎರಡೂ ಕೈ ಮೇಲೆತ್ತಿ ದೇವರನ್ನು ಕೂಗಿದರು. ಶೋಭಾ ನನ್ನ ಬೆನ್ನಿಗೊಂದು ಗುದ್ದಿ, “ಅಕ್ಕಾ, ಗೆದ್ದಿ! ಇವರಿಗೆ ಫೋನ್ ಮಾಡತೇನಿ” ಎಂದು ಗಂಡನಿಗೆ ಹೇಳಲು ಮೊಬೈಲು ತೆಗೆದಳು.

“ತಡಿ” ಎಂದೆ.

ಏಕೆಂದರೆ ಆ ಸಾಲು ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಅಜ್ಜಿ, ಸರಿ. ಯಾರ ತಾಯಿ? ಹೆಸ್ಟರಳ ತಾಯಿಯೋ, ಐಸಾಕನ ತಾಯಿಯೋ? ಐಸಾಕನ ಮಂದಿ ಎಲ್ಲಿಯವರು ಎಂದು ಕೇಳಿದೆ. ಮಿಸ್ ಲೊರೆಟ್ಟಾಗೆ ಗೊತ್ತಿರಲಿಲ್ಲ. ಅವರ ಮುಖ ಇಳಿಯಿತು. ಶೋಭಾ ಕನ್ನಡದಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಏನಕ್ಕಾ ನೀನು! ಆ ಮುದುಕಿ ಎಷ್ಟು ಖುಷಿ ಆಗಿದ್ದಳು. ಅಜ್ಜಿ ಅಂತ ಬರದದ, ಸಾಕಾಗೂದಿಲ್ಲನು? ಇನ್ನೇನು ಬೇಕು ನಿನಗ?”

“ಕಲ್ಲಿನ ಮ್ಯಾಲೆ ಬರಿಯೂದು, ಶೋಭಾ. ಬ್ಯಾರೆಯವರ ಅವ್ವನ ಹೆಸರು ಬರದರ ಹೆಂಗ?”

ಹೊಲ ಮನೆ ಕೊಂಡವರಿಗೆಲ್ಲ ಇಸಿ ಗೊತ್ತಿರುತ್ತದೆ. ಒಂದು ಆಸ್ತಿಯ ಮೇಲೆ ಯಾರ ಹಕ್ಕು, ಯಾರ ಭಾರ ಇದೆ ಎಂದು ವರ್ಷ ವರ್ಷದ ಪುಸ್ತಕ ಹುಡುಕಿ ಕೊಡುವ ಪ್ರಮಾಣಪತ್ರ. ಅದನ್ನು ಹುಡುಕುವವರಿಗೆ ಒಂದು ನಿಯಮವಿದೆ. ಬೇಕಾದ ಸಾಲು ಸಿಕ್ಕಿತೆಂದು ಅಲ್ಲಿಗೇ ಪುಸ್ತಕ ಮುಚ್ಚುವಂತಿಲ್ಲ. ಮುಂದಿನ ಯಾವ ಪುಟವಾದರೂ ಅದನ್ನು ಸುಳ್ಳು ಮಾಡಬಹುದು. ಕೊನೆಯ ಪುಟದವರೆಗೆ ಹೋಗಬೇಕು. ನಾನು ಸಿಸ್ಟರ್ ಚಾರಿಟಿಯ ಇಸಿ ತೆಗೆಯಲು ಕೂತೆ.

ರಿಜಿಸ್ಟರಿನಲ್ಲಿ ಅವಳಿಗೆ ಒಂದು ಮನೆತನದ ಹೆಸರೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳನ್ನು ಕೊಂಡವನ ಹೆಸರು, ಬರೆಯಬೇಡಿ ಎಂದು ಮಿಸ್ ಲೊರೆಟ್ಟಾ ಕೇಳಿಕೊಂಡಿದ್ದಾರೆ. ನನಗೆ ಮಾತ್ರ ಆ ಹೆಸರು ಉಪಯೋಗಕ್ಕೆ ಬಂತು, ಸದಸ್ಯರ ಪಟ್ಟಿಯಲ್ಲಿ ಅವಳ ಬೆನ್ನು ಹತ್ತಿ ಹೋದೆ. ಒಂದು ವರ್ಷ ಹಾಜರು. ಮರುವರ್ಷವೂ ಹಾಜರು. ಚರ್ಚಿನ ಪರದೆ ಹೊಲಿದುಕೊಟ್ಟದ್ದಕ್ಕೆ ಅವಳ ಹೆಸರಿನ ಮುಂದೆ ಒಂದು ಟಿಪ್ಪಣಿ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರ ಸಾಲಿನಲ್ಲಿ ಅವಳ ಹೆಸರು. ಹೀಗೆ ಎರಡು ತಾಸು. ಮಿಸ್ ವಿಲ್ಮಾ ಕಾಫಿ ಕಾಸಿದರು, ಯಾರೂ ಕುಡಿಯಲಿಲ್ಲ. ಒಂದೊಂದು ಪುಟ ತಿರುವುವಾಗಲೂ ನನಗೆ ಅದೇ ಲೆಕ್ಕ. ಸಿಗದಿದ್ದರೆ ಗೆರೆ ಖಾಲಿ ಉಳಿಯುತ್ತದೆ, ಐಸಾಕನ ತಾಯಿ ಎಂದು ಸಿಕ್ಕರೆ ಇದ್ದ ಒಂದು ಹೆಸರೂ ಹೋಗುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡವಳು ನಾನಾಗುತ್ತೇನೆ. ಮಿಸ್ ಲೊರೆಟ್ಟಾ ಕಣ್ಣು ಮುಚ್ಚಿ ಕೂತಿದ್ದರು. ಸಾಕು ಎಂದು ಒಮ್ಮೆಯೂ ಅನ್ನಲಿಲ್ಲ.

ಕೋರಾಳ ದೀಕ್ಷೆಯಾಗಿ ಒಂಬತ್ತು ವರ್ಷದ ನಂತರದ ಪುಟ. ಸದಸ್ಯರ ಹೆಸರಿನ ಮುಂದೆ ಅವರು ಚರ್ಚು ಬಿಟ್ಟ ಕಾರಣ ಬರೆಯುವ ಕಾಲಮ್ಮು. ಹೆಚ್ಚಿನವರಿಗೆ ‘ತೀರಿದರು’, ಕೆಲವರಿಗೆ ‘ಊರು ಬಿಟ್ಟರು’. ಚಾರಿಟಿಯ ಮುಂದೆ ಗುಮಾಸ್ತ ಯಾಕೋ ಒಂದು ಇಡೀ ವಾಕ್ಯ ಬರೆದಿದ್ದ. ನಾನು ಮನಸ್ಸಿನಲ್ಲೇ ಎರಡು ಸಲ ಓದಿ, ಮಿಸ್ ವಿಲ್ಮಾಗೆ ತೋರಿಸಿ ಖಾತ್ರಿ ಮಾಡಿಕೊಂಡೆ. ಆಮೇಲೆ ಗಟ್ಟಿಯಾಗಿ ಓದಿದೆ.

‘ಹ್ಯೂಸ್ಟನ್ನಿಗೆ ತೆರಳಿದರು. ಮಗಳು ಹೆಸ್ಟರ್ ಬಂದು ಕರೆದುಕೊಂಡು ಹೋದಳು.’

ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಸರಿಯುವ ಸದ್ದು ಕೇಳುತ್ತಿತ್ತು.

“ಇನ್ನೊಮ್ಮೆ ಓದ್ರಿ” ಎಂದರು ಮಿಸ್ ಲೊರೆಟ್ಟಾ.

ಓದಿದೆ. ಮೂರನೆಯ ಸಲವೂ ಓದಿಸಿದರು. ಆಮೇಲೆ ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡರು. ಅವರ ಹೆಗಲು ಕುಲುಕುವುದು ಮಾತ್ರ ಕಾಣುತ್ತಿತ್ತು. ನಾನೂ ಅತ್ತೆ. ಶೋಭಾ ನಮ್ಮಿಬ್ಬರಿಗಿಂತ ಜೋರಾಗಿ ಅತ್ತಳು.

ನಮ್ಮ ಮನೆಗಳಲ್ಲೂ ಹೀಗೆಯೇ. ಕಷ್ಟದ ಕಥೆ ಮೂರು ತಲೆಮಾರು ಉಳಿಯುತ್ತದೆ, ಕಷ್ಟ ತೀರಿದ ಸುದ್ದಿ ಯಾರ ನೆನಪಿನಲ್ಲೂ ಇರುವುದಿಲ್ಲ. ತಾಯಿಯನ್ನು ಹುಡುಕಿದಳು ಎಂಬುದನ್ನು ಮಿಸ್ ಲೊರೆಟ್ಟಾರ ಮನೆಯವರು ನೂರು ವರ್ಷ ಹೇಳಿಕೊಂಡು ಬಂದರು. ಸಿಕ್ಕಳು, ಚೊಚ್ಚಲು ಹೆರಿಗೆ ಮಾಡಿಸಿದಳು, ಕೊನೆಗೆ ಮಗಳ ಮನೆ ಸೇರಿದಳು ಎಂಬುದು ಒಂದು ದಿಂಬಿನ ಚೀಲದಲ್ಲಿ ಉಳಿದಿತ್ತು. ನಮ್ಮ ಕಡೆ ತಾಯಿ ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತಾಳೆ. ಇಲ್ಲಿ ಮಗಳು ಬಂದು ತಾಯಿಯನ್ನು ಕರೆದೊಯ್ದಿದ್ದಳು.

ಮಿಸ್ ಲೊರೆಟ್ಟಾ ಮುಖ ಒರೆಸಿಕೊಂಡು ಬಸವರಾಜರಿಗೆ ಫೋನು ಹಚ್ಚಿಸಿದರು. ಎಲ್ಲರಿಗೂ ಕೇಳುವಂತೆ ಶೋಭಾ ಅದನ್ನು ಮೇಜಿನ ಮೇಲೆ ಇಟ್ಟಳು.

“ಬರಕೊಳ್ರಿ ಮಿಸ್ಟರ್ ಬಸವರಾಜ. ಹೆಸ್ಟರ್. ಅದರ ಕೆಳಗ, ಚಾರಿಟಿಯ ಮಗಳು.”

“ಆತ್ರಿ ಮಿಸ್ ಲೊರೆಟ್ಟಾ” ಎಂದರು ಅವರು. ಆಮೇಲೆ ಕೇಳಿದರು, “ಕೆಳಗ ಇನ್ನೊಂದು ಸಾಲಿಗೆ ಜಾಗಾ ಅದ. ಗಂಡನ ಹೆಸರು ಹಾಕಲೇನ್ರಿ?”

“ಬ್ಯಾಡ. ಐಸಾಕ ಇದಕ್ಕ ಸಿಟ್ಟಾಗೂದಿಲ್ಲ. ಹಿಂಗ ಬರೀರಿ: ತಾಯಿಯನ್ನು ಮನೆಗೆ ಕರೆತಂದಳು.”

ಕಲ್ಲಿಗೆ ಇಳಿಸುವ ಮೊದಲು ಪ್ರತಿ ಅಕ್ಷರವನ್ನೂ ಗಿರಾಕಿಯಿಂದ ಒಪ್ಪಿಸಿಕೊಳ್ಳುವುದು ಬಸವರಾಜರ ಪದ್ಧತಿ. ಚಾರಿಟಿಯ ಹೆಸರಿನಿಂದ ಶುರು ಮಾಡಿ ಒಂದೊಂದೇ ಅಕ್ಷರ ಹೇಳಿ ನಿಲ್ಲಿಸತೊಡಗಿದರು. ಮಿಸ್ ಲೊರೆಟ್ಟಾ ಒಂದೊಂದಕ್ಕೂ “ಹೌದು” ಎನ್ನುತ್ತ ಹೋದರು.